ಖಾಸಗಿ ಉಪಗ್ರಹ ಸೇವೆಯನ್ನು ಸೇನೆ ಕೊಂಡಾಗ ಅದರ ಹಿಡಿತ ಯಾರ ಕೈಯಲ್ಲಿರುತ್ತದೆ?

ಪ್ರಶ್ನೆ
ಬರೆದವರು: ಇರುಳಬಾನು

ಸೇನೆಗಳಿಗೂ ಖಾಸಗಿ ಬಾಹ್ಯಾಕಾಶ ಕಂಪನಿಗಳಿಗೂ ನಡುವೆ ಬೆಳೆಯುತ್ತಿರುವ ಪಾಲುದಾರಿಕೆಯ ಬಗ್ಗೆ ಕೆಲವು ತಿಂಗಳಿಂದ ಓದುತ್ತಿದ್ದೇನೆ. ಓದಿದಷ್ಟೂ ಒಂದು ಸಂದೇಹ ಬಲವಾಗುತ್ತಿದೆ. ಈ ಕ್ಷೇತ್ರವನ್ನು ಹತ್ತಿರದಿಂದ ಬಲ್ಲವರು ಇಲ್ಲಿದ್ದಾರೆ ಎಂಬ ಭರವಸೆಯಿಂದ ಕೇಳುತ್ತಿದ್ದೇನೆ.

ಹಿಂದೆ ಸೇನೆಗೆ ಉಪಗ್ರಹ ಬೇಕಾದರೆ ಸರ್ಕಾರವೇ ಅದರ ವಿನ್ಯಾಸವನ್ನು ಗೊತ್ತುಪಡಿಸಿ, ಕಂಪನಿಯೊಂದರಿಂದ ಕಟ್ಟಿಸಿಕೊಂಡು, ಹಾರಿಸಿ, ತಾನೇ ನಡೆಸುತ್ತಿತ್ತು. ಕಟ್ಟಿಕೊಟ್ಟವರಿಗೆ ಹಣ ಸಂದ ಮೇಲೆ ಆ ಉಪಗ್ರಹ ಯಾವಾಗ, ಎಲ್ಲಿ, ಯಾರಿಗಾಗಿ ಕೆಲಸ ಮಾಡಬೇಕು ಎಂಬುದರಲ್ಲಿ ಅವರಿಗೆ ಯಾವ ಮಾತೂ ಇರುತ್ತಿರಲಿಲ್ಲ. ಈಗ ಸೇನೆಗಳು ಹೆಚ್ಚುಹೆಚ್ಚಾಗಿ ಕೊಳ್ಳುತ್ತಿರುವುದು ಸೇವೆಯನ್ನು. ಉಪಗ್ರಹ ಕಂಪನಿಯದು, ನಿಯಂತ್ರಣ ಕೊಠಡಿ ಕಂಪನಿಯದು, ತಂತ್ರಾಂಶವೂ ಕಂಪನಿಯದು. ಸೇನೆಗೆ ಸಿಗುವುದು ಸಂಪರ್ಕ ಅಥವಾ ಚಿತ್ರ ಮಾತ್ರ.

ಉಕ್ರೇನಿನ ಉದಾಹರಣೆಯನ್ನೇ ತೆಗೆದುಕೊಳ್ಳೋಣ. 2022ರ ಫೆಬ್ರವರಿ 26ರಂದು ಅಲ್ಲಿನ ಸಚಿವ ಮಿಖೈಲೊ ಫೆಡೊರೊವ್ ಸ್ಪೇಸ್‌ಎಕ್ಸ್ ಕಂಪನಿಯ ಉಪಗ್ರಹ ಇಂಟರ್ನೆಟ್ ಸೇವೆಯಾದ ಸ್ಟಾರ್‌ಲಿಂಕ್ ಅನ್ನು ಒದಗಿಸುವಂತೆ ಸಾಮಾಜಿಕ ಜಾಲತಾಣದಲ್ಲಿ ಬಹಿರಂಗವಾಗಿ ಕೇಳಿಕೊಂಡರು. ಒಂದೆರಡು ದಿನಗಳಲ್ಲೇ ಸ್ಟಾರ್‌ಲಿಂಕ್ ಟರ್ಮಿನಲ್‌ಗಳು ಬಂದಿಳಿದವು. ಆದರೆ ಆ ಸೇವೆಗಾಗಿ ಕಂಪನಿಯೊಂದಿಗೆ ಒಪ್ಪಂದವಾಗಿದೆ ಎಂದು ಅಮೆರಿಕದ ರಕ್ಷಣಾ ಇಲಾಖೆ ದೃಢಪಡಿಸಿದ್ದು 2023ರ ಜೂನ್‌ನಲ್ಲಿ. ಈ ನಡುವೆ, 2022ರಲ್ಲಿ, ಕ್ರೈಮಿಯಾದ ಕಡೆಗೆ ಸೇವೆಯನ್ನು ತೆರೆಯಬೇಕೆಂಬ ಮನವಿ ಬಂದಾಗ ತಾವು ಒಪ್ಪಲಿಲ್ಲ ಎಂದು ಕಂಪನಿಯ ಮುಖ್ಯಸ್ಥ ಇಲಾನ್ ಮಸ್ಕ್ ಅವರೇ ಮರುವರ್ಷ ಹೇಳಿಕೊಂಡರು. ಅವರ ನಿರ್ಧಾರ ಸರಿಯೋ ತಪ್ಪೋ ಎಂಬ ಚರ್ಚೆ ನನಗೆ ಬೇಡ. ಯುದ್ಧಭೂಮಿಯ ಒಂದು ನಿರ್ಧಾರ ಯಾವ ಸರ್ಕಾರಕ್ಕೂ ಸೇರದ ಒಬ್ಬ ವ್ಯಕ್ತಿಯ ಮೇಜಿಗೆ ಹೋಗಿ ನಿಂತಿತಲ್ಲ, ನನ್ನನ್ನು ಕಾಡುತ್ತಿರುವುದು ಅದು.

2024ರ ಏಪ್ರಿಲ್‌ನಲ್ಲಿ ಅಮೆರಿಕದ ರಕ್ಷಣಾ ಇಲಾಖೆಯೂ ಅದರ ಬಾಹ್ಯಾಕಾಶ ಪಡೆಯೂ ಒಂದರ ಹಿಂದೊಂದರಂತೆ ವಾಣಿಜ್ಯ ಬಾಹ್ಯಾಕಾಶ ಕಾರ್ಯನೀತಿಗಳನ್ನು ಪ್ರಕಟಿಸಿವೆ. ಬೇರೆ ದೇಶಗಳೂ ಇದೇ ದಾರಿಯಲ್ಲಿವೆ. ಹೀಗಿರುವಾಗ, ಸೇವೆಯನ್ನು ಬಾಡಿಗೆಗೆ ಪಡೆದ ಸೇನೆಗೆ ಆ ಸೇವೆಯ ಮೇಲೆ ನಿಜವಾಗಿ ಎಷ್ಟು ಹಿಡಿತವಿರುತ್ತದೆ? ಯುದ್ಧದಲ್ಲಿ ಆ ಕಂಪನಿಯ ಉಪಗ್ರಹಗಳೂ ಗುರಿಯಾಗುತ್ತವೆಯೇ? ಗುರಿಯಾದರೆ ಆ ನಷ್ಟವನ್ನು ಹೊರುವವರು ಯಾರು?

ಉತ್ತರ 1
ಬರೆದವರು: ಕರಾರುಪತ್ರ

ನಿಮ್ಮ ಸಂದೇಹ ಸರಿಯಾದ ಜಾಗದಲ್ಲೇ ಇದೆ. ಆದರೆ ಅದರ ಮೂಲ 2022ರಲ್ಲಿಲ್ಲ, ಅದಕ್ಕಿಂತ ಎರಡು ದಶಕ ಹಿಂದಿದೆ. ಉಪಗ್ರಹ ಸೇವೆಗಳ ಖರೀದಿ ಕರಾರುಗಳನ್ನು ಓದುವುದೇ ಬಹುಕಾಲ ನನ್ನ ಕೆಲಸವಾಗಿತ್ತು. ಆ ಅನುಭವದಿಂದ ಹೇಳುವುದಾದರೆ, ಹಿಡಿತ ಎನ್ನುವುದು ಉಪಗ್ರಹದ ಒಡೆತನದಿಂದ ತಾನಾಗಿ ಬರುವುದೂ ಇಲ್ಲ, ಒಡೆತನವಿಲ್ಲ ಎಂದ ಮಾತ್ರಕ್ಕೆ ತಪ್ಪಿಹೋಗುವುದೂ ಇಲ್ಲ. ಶಾಂತಿಕಾಲದಲ್ಲಿ ಏನು ಬರೆದುಕೊಂಡಿರಿ, ಯಾವ ಕೊಂಡಿಯನ್ನು ನಿಮ್ಮ ಕೈಯಲ್ಲೇ ಉಳಿಸಿಕೊಂಡಿರಿ ಎಂಬುದರ ಮೇಲೆ ಅದು ನಿಲ್ಲುತ್ತದೆ.

ಇರಿಡಿಯಂ ಎಂಬ ಉಪಗ್ರಹ ಫೋನ್ ಕಂಪನಿಯ ಪ್ರಕರಣವನ್ನು ನೋಡಿ. 66 ಉಪಗ್ರಹಗಳ ಆ ಜಾಲವನ್ನು ಸುಮಾರು 500 ಕೋಟಿ ಡಾಲರ್ ಸುರಿದು ಕಟ್ಟಲಾಯಿತು. 1998ರ ನವೆಂಬರ್‌ನಲ್ಲಿ ಸೇವೆ ಆರಂಭವಾಯಿತು, 1999ರ ಆಗಸ್ಟ್‌ನಲ್ಲಿ ಕಂಪನಿ ದಿವಾಳಿಯಾಯಿತು. ಫೋನುಗಳು ದೊಡ್ಡವು, ದರ ದುಬಾರಿ, ಗಿರಾಕಿಗಳಿಲ್ಲ. ಉಪಗ್ರಹಗಳನ್ನು ಕಕ್ಷೆಯಿಂದ ಇಳಿಸಿ ವಾತಾವರಣದಲ್ಲಿ ಸುಟ್ಟುಬಿಡುವ ಸಿದ್ಧತೆಯೂ ನಡೆದಿತ್ತು. ಆಗ, 2000ದ ಡಿಸೆಂಬರ್‌ನಲ್ಲಿ, ಅಮೆರಿಕದ ರಕ್ಷಣಾ ಇಲಾಖೆ 20,000 ಸರ್ಕಾರಿ ಬಳಕೆದಾರರಿಗೆ ಮಿತಿಯಿಲ್ಲದ ಬಳಕೆ ಎಂಬ ಷರತ್ತಿನೊಂದಿಗೆ ಎರಡು ವರ್ಷಕ್ಕೆ 7.2 ಕೋಟಿ ಡಾಲರ್‌ಗಳ ಒಪ್ಪಂದ ಮಾಡಿಕೊಂಡಿತು. ಆ ಒಂದು ಒಪ್ಪಂದದ ಆಸರೆಯ ಮೇಲೆ ಹೊಸ ಮಾಲೀಕರು ಇಡೀ ಜಾಲವನ್ನು ಸುಮಾರು 2.5 ಕೋಟಿ ಡಾಲರಿಗೆ ಕೊಂಡರು.

ಇದರಲ್ಲಿ ಹೆಚ್ಚಿನವರ ಕಣ್ಣಿಗೆ ಬೀಳದ ಅಂಶವೊಂದಿದೆ. ರಕ್ಷಣಾ ಇಲಾಖೆ ಹವಾಯಿಯಲ್ಲಿ, ಉಪಗ್ರಹದಿಂದ ಬರುವ ಕರೆಯನ್ನು ನೆಲದ ಜಾಲಕ್ಕೆ ಸೇರಿಸುವ, ತನ್ನದೇ ಪ್ರತ್ಯೇಕ ಗೇಟ್‌ವೇ ಭೂಕೇಂದ್ರವನ್ನು ಇಟ್ಟುಕೊಂಡಿತ್ತು. ಸೈನಿಕನ ಕರೆ ಕಂಪನಿಯ ಉಪಗ್ರಹದಿಂದ ಉಪಗ್ರಹಕ್ಕೆ ಜಿಗಿದು, ಕಂಪನಿಯ ವಾಣಿಜ್ಯ ಭೂಕೇಂದ್ರವನ್ನು ಮುಟ್ಟದೆ, ಇಲಾಖೆಯ ಗೇಟ್‌ವೇಯಲ್ಲಿ ಇಳಿಯುತ್ತಿತ್ತು. ಯಾರು ಕರೆ ಮಾಡಬಹುದು, ಕರೆ ಎಲ್ಲಿಗೆ ಹೋಗಬೇಕು ಎಂಬುದು ಆ ಗೇಟ್‌ವೇಯಲ್ಲಿ ತೀರ್ಮಾನವಾಗುತ್ತಿತ್ತು. ಆಕಾಶವನ್ನು ಬಾಡಿಗೆಗೆ ಪಡೆದು ಬಾಗಿಲನ್ನು ಮಾತ್ರ ಸ್ವಂತದ್ದಾಗಿ ಇಟ್ಟುಕೊಂಡ ಈ ಏರ್ಪಾಡಿಗಿಂತ ಉತ್ತಮವಾದುದನ್ನು ನಾನು ಹೆಚ್ಚು ಕಂಡಿಲ್ಲ.

ಬ್ರಿಟನ್ ಇನ್ನೂ ಮುಂದೆ ಹೋಯಿತು. 2003ರಲ್ಲಿ ಅದು ತನ್ನ ಸ್ಕೈನೆಟ್ ಸೇನಾ ಸಂವಹನವನ್ನೇ ಪ್ಯಾರಡೈಮ್ ಎಂಬ ಖಾಸಗಿ ಕಂಪನಿಗೆ ಒಪ್ಪಿಸಿತು. ಸ್ಕೈನೆಟ್ 5 ಸರಣಿಯ ನಾಲ್ಕು ಉಪಗ್ರಹಗಳು 2007ರಿಂದ 2012ರ ನಡುವೆ ಹಾರಿದವು. ಅವುಗಳ ಒಡೆತನ ಕಂಪನಿಯದೇ. ಸೇನೆಗೆ ಬೇಕಾದುದನ್ನು ಕೊಟ್ಟ ಮೇಲೆ ಮಿಕ್ಕ ಸಾಮರ್ಥ್ಯವನ್ನು ಮಿತ್ರರಾಷ್ಟ್ರಗಳಿಗೆ ಮಾರುವ ಹಕ್ಕೂ ಕಂಪನಿಗಿತ್ತು. 2022ರಲ್ಲಿ ಅವಧಿ ಮುಗಿದಾಗ ಉಪಗ್ರಹಗಳು ರಕ್ಷಣಾ ಸಚಿವಾಲಯದ ವಶಕ್ಕೆ ಬಂದವು. ಇಲ್ಲಿ ಯುದ್ಧದ ನಡುವೆ ಹಿಡಿತದ ಪ್ರಶ್ನೆ ದೊಡ್ಡದಾಗಿ ಏಳಲಿಲ್ಲ, ಏಕೆಂದರೆ ಮೊದಲ ಹಕ್ಕು ಯಾರದು ಎಂಬುದು ಮೊದಲೇ ಇತ್ಯರ್ಥವಾಗಿತ್ತು.

ಉಪಗ್ರಹ ಚಿತ್ರಗಳ ವ್ಯವಹಾರದ ದಾರಿ ಬೇರೆ. 1999ರ ಸೆಪ್ಟೆಂಬರ್‌ನಲ್ಲಿ ಹಾರಿದ ಇಕೋನೋಸ್, ಒಂದು ಮೀಟರ್ ಸ್ಪಷ್ಟತೆಯ ಚಿತ್ರಗಳನ್ನು ಮಾರುಕಟ್ಟೆಗೆ ಕೊಟ್ಟ ಮೊದಲ ವಾಣಿಜ್ಯ ಉಪಗ್ರಹ. 2001ರ ಅಕ್ಟೋಬರ್‌ನಲ್ಲಿ ಅಫ್ಘಾನಿಸ್ತಾನದ ಮೇಲೆ ದಾಳಿ ಆರಂಭವಾದಾಗ, ರಾಷ್ಟ್ರೀಯ ಭದ್ರತೆಯ ಹೆಸರಿನಲ್ಲಿ ಚಿತ್ರಣವನ್ನು ನಿರ್ಬಂಧಿಸುವ ಅಧಿಕಾರ ಅಮೆರಿಕದ ಸರ್ಕಾರಕ್ಕೆ ಪರವಾನಗಿಯಲ್ಲೇ ಇತ್ತು. ಆದರೂ ಅದು ಆ ಅಧಿಕಾರವನ್ನು ಮುಟ್ಟದೆ, ತಿಂಗಳಿಗೆ ಸುಮಾರು 19 ಲಕ್ಷ ಡಾಲರ್ ಕೊಟ್ಟು ಆ ಪ್ರದೇಶದ ಇಕೋನೋಸ್ ಚಿತ್ರಗಳೆಲ್ಲವನ್ನೂ ತಾನೊಬ್ಬನೇ ಕೊಂಡಿತು. ಆದೇಶ ಹೊರಡಿಸಿದ್ದರೆ ಪತ್ರಿಕೆಗಳು ನ್ಯಾಯಾಲಯಕ್ಕೆ ಹೋಗಬಹುದಿತ್ತು. ಖರೀದಿಯನ್ನು ಪ್ರಶ್ನಿಸುವುದು ಕಷ್ಟ. ಇದು ಹೊರಗೆ ಕಾಣದ ಹಿಡಿತ, ಆ ಕಾರಣಕ್ಕೇ ನಾನು ಇದನ್ನು ಒಪ್ಪುವುದಿಲ್ಲ.

2025ರ ಮಾರ್ಚ್‌ನಲ್ಲಿ ನಡೆದದ್ದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಅಮೆರಿಕದ ಸರ್ಕಾರದ ಜಾಲತಾಣವೊಂದರ ಮೂಲಕ ಉಕ್ರೇನಿಗೆ ಸಿಗುತ್ತಿದ್ದ ಮ್ಯಾಕ್ಸಾರ್ ಕಂಪನಿಯ ಚಿತ್ರಗಳನ್ನು ಕೆಲವು ದಿನ ತಡೆಹಿಡಿಯಲಾಯಿತು. ತಡೆದದ್ದು ಕಂಪನಿಯಲ್ಲ, ಹಣ ಕೊಟ್ಟಿದ್ದ ಸರ್ಕಾರ. ಆದ್ದರಿಂದ ಸೇವೆಯನ್ನು ನಿಲ್ಲಿಸುವ ಗುಂಡಿ ಒಬ್ಬ ಉದ್ಯಮಿಯ ಕೈಯಲ್ಲಿರುವುದು ಮಾತ್ರವೇ ಅಪಾಯ ಎಂದುಕೊಳ್ಳಬೇಡಿ. ಕೊನೆಯ ಬಳಕೆದಾರನ ಹೆಸರು ಕರಾರಿನಲ್ಲಿ ಇಲ್ಲದಿದ್ದರೆ, ಗುಂಡಿ ಯಾರ ಕೈಯಲ್ಲಿದ್ದರೂ ಅವನ ಸ್ಥಿತಿ ಒಂದೇ.

ಉತ್ತರ 2
ಬರೆದವರು: ಭೂಕೇಂದ್ರ

ಕರಾರಿನ ಮಾತು ನಿಜ. ಆದರೆ ಜಾಲವನ್ನು ನಡೆಸುವವರ ಕಡೆಯಿಂದ ಒಂದು ವಿಷಯವನ್ನು ಸೇರಿಸಲೇಬೇಕು. ಪಾಲುದಾರಿಕೆಯ ಚರ್ಚೆ ಬಂದಾಗಲೆಲ್ಲ ಜನರ ಕಣ್ಣು ಮೇಲಕ್ಕೆ, ಉಪಗ್ರಹದ ಕಡೆಗೆ ಹೋಗುತ್ತದೆ. ಏಟು ಬೀಳುವುದು ಮಾತ್ರ ಕೆಳಗೆ, ನೆಲದ ಮೇಲೆ.

2022ರ ಫೆಬ್ರವರಿ 24ರ ಬೆಳಗಿನ ಜಾವ ರಷ್ಯಾದ ಪಡೆಗಳು ಉಕ್ರೇನನ್ನು ಪ್ರವೇಶಿಸುವ ಹೊತ್ತಿಗೆ ವಿಯಾಸ್ಯಾಟ್ ಕಂಪನಿಯ ಕೆಎ-ಸ್ಯಾಟ್ ಉಪಗ್ರಹ ಇಂಟರ್ನೆಟ್ ಜಾಲದ ಸಾವಿರಾರು ಮೋಡೆಮ್‌ಗಳು ಒಂದೊಂದಾಗಿ ಜಾಲದಿಂದ ಕಳಚಿಕೊಂಡವು. ಉಕ್ರೇನಿನ ಸೇನೆಯೂ ಆ ಜಾಲವನ್ನು ಬಳಸುತ್ತಿತ್ತು. ದಾಳಿಕೋರರು ಉಪಗ್ರಹದ ತಂಟೆಗೆ ಹೋಗಲಿಲ್ಲ. ಸರಿಯಾಗಿ ಹೊಂದಿಸದೆ ಬಿಟ್ಟಿದ್ದ ಒಂದು ವಿಪಿಎನ್ ಸಾಧನದ (ದೂರದಿಂದ ಜಾಲದೊಳಗೆ ಸುರಕ್ಷಿತವಾಗಿ ಬರಲು ಬಳಸುವ ಸಾಧನ) ಮೂಲಕ ನೆಲದ ಮೇಲಿನ ನಿರ್ವಹಣಾ ಜಾಲದೊಳಗೆ ನುಗ್ಗಿ, ಮೋಡೆಮ್‌ಗಳು ದಿನನಿತ್ಯ ಪಾಲಿಸುವಂಥ ನಿರ್ವಹಣಾ ಆದೇಶಗಳನ್ನೇ ಕಳುಹಿಸಿದರು. ಮೋಡೆಮ್ ಆದೇಶವನ್ನು ನಂಬಿತು, ಅದರ ಫ್ಲ್ಯಾಶ್ ಸ್ಮೃತಿಯಲ್ಲಿದ್ದುದು ಅಳಿಸಿಹೋಯಿತು. ಆಮೇಲೆ ವಿದ್ಯುತ್ ಕೊಟ್ಟರೂ ಅದಕ್ಕೆ ತಾನು ಯಾವ ಜಾಲಕ್ಕೆ ಸೇರಬೇಕೆಂದೇ ತಿಳಿಯದು. ಉಪಗ್ರಹ ಮೇಲೆ ಒಂದು ಗೀರೂ ಬೀಳದೆ ನಿಂತಿತ್ತು. ಕಂಪನಿ ಸುಮಾರು 30,000 ಹೊಸ ಮೋಡೆಮ್‌ಗಳನ್ನು ಕಳುಹಿಸಬೇಕಾಯಿತು.

ಇದರ ಪೆಟ್ಟು ಯುದ್ಧಭೂಮಿಯಲ್ಲಿ ನಿಲ್ಲಲಿಲ್ಲ. ಜರ್ಮನಿಯಲ್ಲಿ ಎನರ್ಕಾನ್ ಕಂಪನಿಯ 5,800 ಗಾಳಿಯಂತ್ರಗಳು ದೂರನಿಯಂತ್ರಣ ಕಳೆದುಕೊಂಡವು. ರೆಕ್ಕೆಗಳು ತಿರುಗುತ್ತಲೇ ಇದ್ದವು, ವಿದ್ಯುತ್ತೂ ಬರುತ್ತಿತ್ತು. ಅವು ಹೇಗಿವೆ ಎಂದು ದೂರದಿಂದ ನೋಡುವ ದಾರಿ ಮಾತ್ರ ಮುಚ್ಚಿತ್ತು. ಸೇನೆಯೂ ನಾಗರಿಕರೂ ಒಂದೇ ಜಾಲವನ್ನು ಹಂಚಿಕೊಂಡರೆ ಆಗುವುದು ಇದು. ಅದೇ ವರ್ಷದ ಮೇ 10ರಂದು ಯುರೋಪಿಯನ್ ಒಕ್ಕೂಟ, ಬ್ರಿಟನ್ ಮತ್ತು ಅಮೆರಿಕ ಈ ದಾಳಿಗೆ ರಷ್ಯಾವೇ ಹೊಣೆ ಎಂದು ಹೇಳಿದವು.

ಇನ್ನು ಶತ್ರುವೇ ಇಲ್ಲದೆಯೂ ಸೇವೆ ನಿಲ್ಲಬಹುದು. 2025ರ ಜುಲೈ 24ರಂದು ಸ್ಟಾರ್‌ಲಿಂಕ್ ಜಾಲವು ಜಗತ್ತಿನಾದ್ಯಂತ ಸುಮಾರು ಎರಡೂವರೆ ಗಂಟೆ ಸ್ಥಗಿತವಾಯಿತು. ಜಾಲದ ತಿರುಳಿನಲ್ಲಿರುವ ಆಂತರಿಕ ತಂತ್ರಾಂಶ ಸೇವೆಗಳು ಕೈಕೊಟ್ಟದ್ದೇ ಕಾರಣ ಎಂದು ಕಂಪನಿ ಹೇಳಿತು. ಮನೆಯಲ್ಲಿ ಕುಳಿತವರಿಗೆ ಅದೊಂದು ಕಿರಿಕಿರಿ. ಉಕ್ರೇನಿನ ಮುಂಚೂಣಿಯಲ್ಲಿ ಡ್ರೋನ್ ಹಾರಿಸುತ್ತಿದ್ದವರಿಗೆ ಆ ಎರಡೂವರೆ ಗಂಟೆ ಏನಾಗಿತ್ತು ಎಂಬುದನ್ನು ನಾವು ಊಹಿಸಿಕೊಳ್ಳಬೇಕು. ಸಾವಿರಾರು ಉಪಗ್ರಹಗಳಿದ್ದರೆ ಒಂದೆರಡು ಹೋದರೂ ಚಿಂತೆಯಿಲ್ಲ ಎಂಬ ವಾದ ಆಕಾಶದ ಮಟ್ಟಿಗೆ ಸರಿ. ಆದರೆ ಅಷ್ಟೂ ಉಪಗ್ರಹಗಳನ್ನು ನಡೆಸುವ ತಂತ್ರಾಂಶ ಒಂದೇ ಆಗಿದ್ದರೆ, ಆ ಸಂಖ್ಯೆಯ ಬಲ ಕಾಗದದ ಮೇಲಷ್ಟೇ ಉಳಿಯುತ್ತದೆ.

ಕರಾರುಪತ್ರ ಅವರು ಹೇಳಿದ ಮೊದಲ ಹಕ್ಕಿನ ಮಾತಿಗೆ ನಮ್ಮ ವೃತ್ತಿಯಲ್ಲಿ ನಿರ್ದಿಷ್ಟ ಪದವೇ ಇದೆ. ಟ್ರಾನ್ಸ್‌ಪಾಂಡರ್ (ಉಪಗ್ರಹದಲ್ಲಿ ಸಂಕೇತವನ್ನು ಪಡೆದು ಮರುಪ್ರಸಾರ ಮಾಡುವ ಸಾಧನ) ಗುತ್ತಿಗೆಯಲ್ಲಿ ಸಾಮರ್ಥ್ಯವು ಪ್ರೀ-ಎಂಪ್ಟಿಬಲ್ ಅಥವಾ ನಾನ್-ಪ್ರೀ-ಎಂಪ್ಟಿಬಲ್ ಎಂದು ಬರೆದಿರುತ್ತದೆ. ಮೊದಲನೆಯದು ಅಗ್ಗ, ಆದರೆ ಮೇಲಿನ ದರ್ಜೆಯ ಗಿರಾಕಿಗೆ ಬೇಕಾದಾಗ ನಿಮ್ಮನ್ನು ಪಕ್ಕಕ್ಕೆ ಸರಿಸಬಹುದು. ಬಜೆಟ್ ಬಿಗಿಯಾದಾಗ ಕೊಳ್ಳುವವರು ಅಗ್ಗದ ಕಡೆಗೆ ವಾಲುವುದನ್ನು ಕಂಡಿದ್ದೇನೆ. ಬಿಕ್ಕಟ್ಟಿನ ದಿನ ಎಲ್ಲರಿಗೂ ಒಮ್ಮೆಲೇ ಬ್ಯಾಂಡ್‌ವಿಡ್ತ್ ಬೇಕಾದಾಗ ಆ ಒಂದು ಪದದ ಬೆಲೆ ತಿಳಿಯುತ್ತದೆ.

ಉತ್ತರ 3
ಬರೆದವರು: ವಿಧಿನಿಯಮ

ಕಂಪನಿಯ ಉಪಗ್ರಹಗಳು ಗುರಿಯಾಗುತ್ತವೆಯೇ ಎಂಬ ಪ್ರಶ್ನೆಗೆ, ಕಾನೂನನ್ನು ಅಭ್ಯಾಸ ಮಾಡಿದವನಾಗಿ ಉತ್ತರಿಸುತ್ತೇನೆ.

ಜಿನೀವಾ ಒಪ್ಪಂದಗಳಿಗೆ 1977ರಲ್ಲಿ ಸೇರಿಸಿದ ಮೊದಲ ಹೆಚ್ಚುವರಿ ಪ್ರೋಟೋಕಾಲ್‌ನ 52ನೇ ವಿಧಿ ಸೈನಿಕ ಗುರಿ ಎಂದರೇನು ಎಂಬುದನ್ನು ಹೇಳುತ್ತದೆ. ಯಾವುದೇ ವಸ್ತು ತನ್ನ ಸ್ವರೂಪ, ಸ್ಥಾನ, ಉದ್ದೇಶ ಅಥವಾ ಬಳಕೆಯಿಂದ ಸೈನಿಕ ಕಾರ್ಯಾಚರಣೆಗೆ ಪರಿಣಾಮಕಾರಿ ನೆರವು ನೀಡುತ್ತಿದ್ದು, ಆ ಸಂದರ್ಭದಲ್ಲಿ ಅದರ ನಾಶದಿಂದ ನಿಶ್ಚಿತ ಸೈನಿಕ ಲಾಭವಿದ್ದರೆ ಅದು ಗುರಿಯಾಗಬಹುದು. ಇಲ್ಲಿ ಭಾರ ಬೀಳುವುದು ಬಳಕೆ ಎಂಬ ಪದದ ಮೇಲೆ. ಒಡೆತನ ಖಾಸಗಿಯದು ಎಂಬುದು ರಕ್ಷಣೆಯಲ್ಲ. 2022ರ ಅಕ್ಟೋಬರ್‌ನಲ್ಲಿ ವಿಶ್ವಸಂಸ್ಥೆಯ ಸಮಿತಿಯೊಂದರಲ್ಲಿ ರಷ್ಯಾದ ಪ್ರತಿನಿಧಿ ಕಾನ್‌ಸ್ಟಾಂಟಿನ್ ವೊರೊಂಟ್ಸೊವ್, ಅರೆ-ನಾಗರಿಕ ಬಾಹ್ಯಾಕಾಶ ವ್ಯವಸ್ಥೆಗಳು ಪ್ರತೀಕಾರಕ್ಕೆ ನ್ಯಾಯಬದ್ಧ ಗುರಿಯಾಗಬಹುದು ಎಂದು ಹೇಳಿದ್ದು ಬೆದರಿಕೆಯೇ ಸರಿ. ಆದರೆ ಅದು ಈ ವಿಧಿಯ ನೆರಳಿನಲ್ಲೇ ನಿಂತು ಆಡಿದ ಮಾತು ಎಂಬುದನ್ನೂ ಒಪ್ಪಬೇಕಾಗುತ್ತದೆ.

ಹಾಗೆಂದು ಕಂಪನಿಯ ಎಲ್ಲ ಉಪಗ್ರಹಗಳನ್ನೂ ಹೊಡೆದುರುಳಿಸಲು ಅನುಮತಿ ಸಿಕ್ಕಂತಾಗುವುದಿಲ್ಲ. ನಾಗರಿಕರಿಗೆ ಆಗುವ ಹಾನಿ ಸೈನಿಕ ಲಾಭಕ್ಕೆ ಹೋಲಿಸಿದರೆ ಅತಿಯಾಗಬಾರದು ಎಂಬ ನಿಯಮ ಹಾಗೆಯೇ ಇರುತ್ತದೆ, ಮತ್ತು ಕಕ್ಷೆಯಲ್ಲಿ ಆ ಹಾನಿಯನ್ನು ಅಳೆಯುವಾಗ ಚೂರುಗಳನ್ನು ಮರೆಯುವಂತಿಲ್ಲ. 2021ರ ನವೆಂಬರ್ 15ರಂದು ರಷ್ಯಾ ತನ್ನದೇ ಕಾಸ್ಮೋಸ್ 1408 ಉಪಗ್ರಹವನ್ನು ಕ್ಷಿಪಣಿಯಿಂದ ಒಡೆದಾಗ ಪತ್ತೆಹಚ್ಚಬಹುದಾದ ಗಾತ್ರದ ಚೂರುಗಳೇ 1,500ಕ್ಕೂ ಹೆಚ್ಚು ಹುಟ್ಟಿದವು. ಬಾಹ್ಯಾಕಾಶ ನಿಲ್ದಾಣದಲ್ಲಿದ್ದವರು, ರಷ್ಯಾದವರೂ ಸೇರಿ, ತಮ್ಮ ನೌಕೆಗಳೊಳಗೆ ಆಶ್ರಯ ಪಡೆಯಬೇಕಾಯಿತು. ಸಂಕೇತಗಳಿಗೆ ಅಡ್ಡಿಪಡಿಸುವ ಜ್ಯಾಮಿಂಗ್ ಮತ್ತು ಸೈಬರ್ ದಾಳಿಗಳೇ ಹೆಚ್ಚು ಬಳಕೆಯಾಗುತ್ತಿರುವುದಕ್ಕೆ ಇದೂ ಒಂದು ಕಾರಣವೆಂದು ನಾನು ಭಾವಿಸುತ್ತೇನೆ.

ಅದೇ ಪ್ರೋಟೋಕಾಲ್‌ನ 58ನೇ ವಿಧಿಯನ್ನು ಯಾರೂ ಅಷ್ಟಾಗಿ ಉಲ್ಲೇಖಿಸುವುದಿಲ್ಲ. ತನ್ನ ನಾಗರಿಕರನ್ನೂ ನಾಗರಿಕ ವಸ್ತುಗಳನ್ನೂ ಸೈನಿಕ ಗುರಿಗಳಿಂದ ಸಾಧ್ಯವಾದ ಮಟ್ಟಿಗೆ ದೂರವಿಡುವ ಹೊಣೆ ರಕ್ಷಿಸಿಕೊಳ್ಳುವ ಪಕ್ಷದ್ದು ಎನ್ನುತ್ತದೆ ಅದು. ಆಸ್ಪತ್ರೆಯ ದತ್ತಾಂಶ, ಗಾಳಿಯಂತ್ರದ ಸಂದೇಶ ಮತ್ತು ಫಿರಂಗಿಗೆ ಗುರಿ ತೋರುವ ಅಂಕಿಗಳು ಒಂದೇ ಕಿರಣದಲ್ಲಿ ಹರಿಯುತ್ತಿರುವಾಗ ಈ ಹೊಣೆಯನ್ನು ನಿಭಾಯಿಸುವುದು ಹೇಗೆ? ಸೇನೆಗೆಂದೇ ಬೇರೆ ಉಪಗ್ರಹಗಳನ್ನು ಅಥವಾ ಕನಿಷ್ಠ ಬೇರೆ ಭೂಕೇಂದ್ರಗಳನ್ನು ಇಡುವುದು ಒಂದು ದಾರಿ. ಸ್ಪೇಸ್‌ಎಕ್ಸ್ 2022ರ ಡಿಸೆಂಬರ್‌ನಲ್ಲಿ ಸರ್ಕಾರಿ ಬಳಕೆಗಾಗಿಯೇ ಸ್ಟಾರ್‌ಶೀಲ್ಡ್ ಎಂಬ ಪ್ರತ್ಯೇಕ ಸೇವೆಯನ್ನು ಪ್ರಕಟಿಸಿದ್ದನ್ನು ನಾನು ಈ ಕಾರಣಕ್ಕಾಗಿ ಸ್ವಾಗತಿಸುತ್ತೇನೆ.

ಇನ್ನು ಕಂಪನಿ ತಾನೇ ಸ್ವತಂತ್ರ ಎಂದುಕೊಳ್ಳುವಂತಿಲ್ಲ. 1967ರ ಬಾಹ್ಯಾಕಾಶ ಒಪ್ಪಂದದ 6ನೇ ವಿಧಿಯ ಪ್ರಕಾರ ಖಾಸಗಿಯವರ ಬಾಹ್ಯಾಕಾಶ ಚಟುವಟಿಕೆಗೂ ಅಂತರರಾಷ್ಟ್ರೀಯ ಹೊಣೆ ಅವರ ದೇಶದ್ದೇ. ಆ ದೇಶ ಅನುಮತಿ ನೀಡಬೇಕು ಮತ್ತು ನಿರಂತರ ಮೇಲ್ವಿಚಾರಣೆ ನಡೆಸಬೇಕು. ಉದ್ಯಮಿಯೊಬ್ಬರ ಮೇಜಿನ ಮೇಲಿನ ನಿರ್ಧಾರವೂ ಹೊರಗಿನವರ ದೃಷ್ಟಿಯಲ್ಲಿ ಕೊನೆಗೆ ಅವರ ಸರ್ಕಾರದ ಬಾಗಿಲಿಗೇ ಬರುತ್ತದೆ.

ಪ್ರಶ್ನೆ ಕೇಳಿದವರ ಮರುಮಾತು
ಬರೆದವರು: ಇರುಳಬಾನು

ಮೂವರಿಗೂ ಮನಃಪೂರ್ವಕ ವಂದನೆಗಳು. ಮೋಡೆಮ್‌ಗಳ ವಿವರ ಓದುವವರೆಗೆ ನಾನೂ ಮೇಲಕ್ಕೇ ನೋಡುತ್ತಿದ್ದೆ. ನಷ್ಟವನ್ನು ಹೊರುವವರು ಯಾರು ಎಂಬುದು ಮಾತ್ರ ಇನ್ನೂ ಉಳಿದಿದೆ. ವಿಮಾನಯಾನದಲ್ಲಿ ಇದಕ್ಕೊಂದು ವ್ಯವಸ್ಥೆ ಇದೆಯೆಂದು ಕೇಳಿದ್ದೇನೆ. ಅದನ್ನೇ ಬಾಹ್ಯಾಕಾಶಕ್ಕೆ ತರಲು ಆಗದೇ?

ಉತ್ತರ 4
ಬರೆದವರು: ಕರಾರುಪತ್ರ

ತರುವ ಪ್ರಯತ್ನ ನಡೆದಿದೆ. ಅಮೆರಿಕದಲ್ಲಿ ಸಿವಿಲ್ ರಿಸರ್ವ್ ಏರ್ ಫ್ಲೀಟ್ ಎಂಬ ವ್ಯವಸ್ಥೆ 1950ರ ದಶಕದ ಆರಂಭದಿಂದ ಇದೆ. ತುರ್ತಿನಲ್ಲಿ ವಿಮಾನಗಳನ್ನು ಕೊಡುತ್ತೇವೆಂದು ವಿಮಾನ ಕಂಪನಿಗಳು ಮೊದಲೇ ಮಾತು ಕೊಡುತ್ತವೆ, ಪ್ರತಿಯಾಗಿ ಶಾಂತಿಕಾಲದ ಸರ್ಕಾರಿ ಸಾಗಾಣಿಕೆಯಲ್ಲಿ ಪಾಲು ಪಡೆಯುತ್ತವೆ. ಅದನ್ನು ಜಾರಿಗೊಳಿಸಿದ್ದು ಮೂರೇ ಸಲ: 1990ರಲ್ಲಿ, 2003ರಲ್ಲಿ, ಮತ್ತು ಕಾಬೂಲಿನಿಂದ ಜನರನ್ನು ತೆರವುಗೊಳಿಸುವಾಗ 2021ರ ಆಗಸ್ಟ್‌ನಲ್ಲಿ. ಕೊನೆಯ ಸಲ ಆರು ಕಂಪನಿಗಳ 18 ವಿಮಾನಗಳು ಬಂದವು. ಇದೇ ಮಾದರಿಯಲ್ಲಿ ಬಾಹ್ಯಾಕಾಶ ಪಡೆಯು ಕಮರ್ಷಿಯಲ್ ಆಗ್ಮೆಂಟೇಶನ್ ಸ್ಪೇಸ್ ರಿಸರ್ವ್ ಎಂಬ ವ್ಯವಸ್ಥೆಯನ್ನು ರೂಪಿಸುತ್ತಿದೆ.

ಆದರೆ ಹೋಲಿಕೆ ಅಷ್ಟು ಸಲೀಸಲ್ಲ. ಕರೆ ಬಂದಾಗ ವಿಮಾನ ಒಂದು ಮಾರ್ಗ ಬಿಟ್ಟು ಇನ್ನೊಂದು ಮಾರ್ಗ ಹಿಡಿಯುತ್ತದೆ, ಕೆಲಸ ಮುಗಿದ ಮೇಲೆ ಹಿಂದಿರುಗುತ್ತದೆ. ಕೆಳಕಕ್ಷೆಯ ಉಪಗ್ರಹ ಸುಮಾರು ಒಂದೂವರೆ ಗಂಟೆಗೊಮ್ಮೆ ಭೂಮಿಯನ್ನು ಸುತ್ತುತ್ತಾ ಹಲವು ದೇಶಗಳ ಮೇಲೆ ಹಾದುಹೋಗುತ್ತದೆ. ಒಂದು ಸುತ್ತಿನಲ್ಲಿ ಸೇನೆಯ ಕೆಲಸ, ಮುಂದಿನ ಸುತ್ತಿನಲ್ಲಿ ಬೆಳೆ ಸಮೀಕ್ಷೆ. ಅದು ಯಾವ ಹೊತ್ತಿನಲ್ಲಿ ನಾಗರಿಕ ವಸ್ತು ಎಂದು ಎದುರಾಳಿ ಲೆಕ್ಕ ಹಾಕುತ್ತಾ ಕೂರುವುದಿಲ್ಲ. ವಿಮಾನಗಳಿಗೆ ಯುದ್ಧದ ಅಪಾಯ ಎದುರಾದಾಗ ಸರ್ಕಾರವೇ ವಿಮೆ ಕೊಡುವುದಕ್ಕೆ ಅಮೆರಿಕದ ಕಾನೂನಿನಲ್ಲಿ ಸ್ಪಷ್ಟ ಅವಕಾಶವಿದೆ. ಸಾಮಾನ್ಯ ಉಪಗ್ರಹ ವಿಮೆಯಾದರೋ ಯುದ್ಧದಿಂದಾದ ಹಾನಿಯನ್ನು ಹೊರಗಿಟ್ಟೇ ಬರೆಯಲ್ಪಡುತ್ತದೆ. ಆದ್ದರಿಂದ ನಷ್ಟಭರ್ತಿಯ ಷರತ್ತನ್ನು ಕರಾರಿನಲ್ಲೇ ಬರೆಯಿಸಿಕೊಳ್ಳದ ಕಂಪನಿ, ತನ್ನ ಷೇರುದಾರರ ಆಸ್ತಿಯನ್ನು ಯುದ್ಧಕ್ಕೆ ಪಣವಾಗಿ ಇಟ್ಟಂತೆಯೇ.

ಇನ್ನೊಂದು ಕಡೆಯ ಅವಲಂಬನೆಯನ್ನೂ ಮರೆಯಬಾರದು. 2010ರಲ್ಲಿ ಡಿಜಿಟಲ್‌ಗ್ಲೋಬ್ ಮತ್ತು ಜಿಯೋಐ ಎಂಬ, ಉಪಗ್ರಹ ಚಿತ್ರ ಮಾರುವ ಎರಡು ಕಂಪನಿಗಳು ಅಮೆರಿಕದ ಸರ್ಕಾರದಿಂದ ಹತ್ತು ವರ್ಷಗಳ, ಒಟ್ಟು 730 ಕೋಟಿ ಡಾಲರ್‌ವರೆಗಿನ ಒಪ್ಪಂದಗಳನ್ನು ಪಡೆದವು. ಎರಡೇ ವರ್ಷದಲ್ಲಿ ಬಜೆಟ್ ಕುಗ್ಗಿತು, ಜಿಯೋಐಗೆ ಬರಬೇಕಾದ ಹಣಕ್ಕೆ ಕತ್ತರಿ ಬಿತ್ತು, 2013ರ ಜನವರಿಯಲ್ಲಿ ಅದು ಡಿಜಿಟಲ್‌ಗ್ಲೋಬ್‌ನಲ್ಲಿ ವಿಲೀನವಾಯಿತು. ಇಬ್ಬರು ಸ್ಪರ್ಧಿಗಳನ್ನು ಬೆಳೆಸಹೊರಟ ಸರ್ಕಾರ ಕೊನೆಗೆ ಒಬ್ಬರನ್ನಷ್ಟೇ ಉಳಿಸಿಕೊಂಡಿತು. ಉಡಾವಣೆಯಲ್ಲಿ ಈ ಪಾಠ ಕಲಿತಂತಿದೆ: 2025ರ ಏಪ್ರಿಲ್‌ನಲ್ಲಿ ಸೇನೆಯ ಅತಿ ಮುಖ್ಯ ಉಡಾವಣೆಗಳನ್ನು ಮೂರು ರಾಕೆಟ್ ಕಂಪನಿಗಳ ನಡುವೆ ಸ್ಪೇಸ್‌ಎಕ್ಸ್‌ಗೆ 28, ಯುಎಲ್‌ಎಗೆ 19, ಬ್ಲೂ ಒರಿಜಿನ್‌ಗೆ 7 ಎಂದು ಹಂಚಲಾಯಿತು.

ಉತ್ತರ 5
ಬರೆದವರು: ಭೂಕೇಂದ್ರ

ಒಂದೇ ಮಾತು ಸೇರಿಸಿ ಮುಗಿಸುತ್ತೇನೆ. ಕರಾರಿನಲ್ಲಿ ಬರೆದದ್ದನ್ನು ತಾಲೀಮು ಮಾಡಿ ನೋಡದಿದ್ದರೆ ಅದು ಇದೆಯೆಂದು ನಂಬುವಂತಿಲ್ಲ. ನಾನು ನೋಡಿಕೊಳ್ಳುತ್ತಿದ್ದ ಒಂದು ಜಾಲದಲ್ಲಿ ಬದಲಿ ಸಂಪರ್ಕ ಅರ್ಧ ಗಂಟೆಯೊಳಗೆ ಎದ್ದು ನಿಲ್ಲಬೇಕೆಂಬ ಷರತ್ತಿತ್ತು. ಹಲವು ವರ್ಷ ಯಾರೂ ಪರೀಕ್ಷಿಸಲಿಲ್ಲ. ಕೊನೆಗೊಂದು ದಿನ ಮುಖ್ಯ ಸಂಪರ್ಕವನ್ನು ಬೇಕೆಂದೇ ಕಡಿದು ನೋಡಿದಾಗ ಬದಲಿ ಮೋಡೆಮ್‌ನ ದೀಪ ಹಸಿರಾಗಲೇ ಇಲ್ಲ. ಅದರ ಪರವಾನಗಿಯ ಅವಧಿ ಹಿಂದಿನ ವರ್ಷವೇ ಮುಗಿದಿತ್ತು, ಎರಡೂ ಕಡೆಯವರು ಇನ್ನೊಬ್ಬರು ನವೀಕರಿಸಿದ್ದಾರೆ ಎಂದುಕೊಂಡಿದ್ದರು. ನಾನೂ ಹಾಗೆಯೇ ಅಂದುಕೊಂಡಿದ್ದೆ.

ಆ ದೃಷ್ಟಿಯಿಂದ 2023ರ ಸೆಪ್ಟೆಂಬರ್‌ನ ವಿಕ್ಟಸ್ ನಾಕ್ಸ್ ಎಂಬ ಅಮೆರಿಕದ ಬಾಹ್ಯಾಕಾಶ ಪಡೆಯ ತ್ವರಿತ ಉಡಾವಣಾ ಪ್ರಯೋಗ ನನಗೆ ಯಾವ ಕಾರ್ಯನೀತಿಗಿಂತಲೂ ಹೆಚ್ಚು ಭರವಸೆ ಕೊಟ್ಟಿದೆ. ಮಿಲೆನಿಯಂ ಸ್ಪೇಸ್ ಸಿಸ್ಟಮ್ಸ್ ಕಟ್ಟಿದ ಉಪಗ್ರಹ ಸಿದ್ಧವಾಗಿ ಕಾಯುತ್ತಿತ್ತು. ಬಾಹ್ಯಾಕಾಶ ಪಡೆಯಿಂದ ಎಚ್ಚರಿಕೆಯ ಸೂಚನೆ ಬಂದ 58 ಗಂಟೆಗಳೊಳಗೆ ಅದನ್ನು ವ್ಯಾಂಡೆನ್‌ಬರ್ಗ್ ನೆಲೆಗೆ ಸಾಗಿಸಿ, ಪರೀಕ್ಷಿಸಿ, ಇಂಧನ ತುಂಬಿ, ರಾಕೆಟ್ಟಿಗೆ ಕೂರಿಸುವ ಜೋಡಣಾ ಸಾಧನಕ್ಕೆ ಸೇರಿಸಿದರು. ಆಮೇಲೆ ಉಡಾವಣೆಯ ಆದೇಶ ಬಂತು. ಆದೇಶದಿಂದ 27 ಗಂಟೆಗೆ ಫೈರ್‌ಫ್ಲೈ ಕಂಪನಿಯ ಆಲ್ಫಾ ರಾಕೆಟ್ ಅದನ್ನು ಹೊತ್ತು ಮೇಲೇರಿತು, ಕಕ್ಷೆ ಸೇರಿದ 37 ಗಂಟೆಗಳಲ್ಲಿ ಉಪಗ್ರಹ ಕೆಲಸಕ್ಕೆ ಸಿದ್ಧವಾಯಿತು. ಸೇವಾ ಕರಾರುಗಳಿಗೂ ಇಂಥ ತಾಲೀಮು ಬೇಕು: ಮುನ್ಸೂಚನೆಯಿಲ್ಲದೆ ಒಂದು ದಿನ ಗೇಟ್‌ವೇ ಕಡಿದು, ಗಡಿಯಾರ ಹಿಡಿದು, ಮರುಸಂಪರ್ಕ ಎಷ್ಟು ಹೊತ್ತಿಗೆ ಬಂತೆಂದು ಎರಡೂ ಕಡೆಯವರು ಒಟ್ಟಿಗೆ ನಿಂತು ಬರೆದುಕೊಳ್ಳಬೇಕು.